ಕೆಮ್ಮಿ ಒಳಗೆ ಬರುವ ಓಣಿ

ಅನಗೋಳದ ಆ ಓಣಿಯಲ್ಲಿ ಜನ ಕಾಶವ್ವನ ಬಾಗಿಲಿಗೆ ಬಂದಾಗ ಇವತ್ತಿಗೂ ಒಮ್ಮೆ ಕೆಮ್ಮುತ್ತಾರೆ. ಒಳಗೆ ಬೆಚ್ಚಲು ಅವಳಿಲ್ಲ. ಜ್ವರದಲ್ಲಿ ಹೋಗಿ ಇಪ್ಪತ್ತು ದಿನವಾಯಿತು.

ಬೆಚ್ಚುವುದು ಅವರ ಮನೆತನಕ್ಕೇ ಬಂದದ್ದು. ಹಿಂದಿನಿಂದ ಯಾರಾದರೂ ಫಕ್ಕನೆ ಕರೆದರೆ, ನೀರಿನ ಚರಿಗೆ ಬಿದ್ದರೆ, ಕಾಶವ್ವ ಕಡಿದ ಮರದಂತೆ ನೆಟ್ಟಗೆ ಉರುಳುತ್ತಿದ್ದಳು. ಎಚ್ಚರ ಇರುತ್ತಿತ್ತು, ಕೈ ಮಾತ್ರ ಮುಂದೆ ಬರುತ್ತಿರಲಿಲ್ಲ. ಅಪ್ಪ ಕಲ್ಲಯ್ಯನಿಗೂ ಹಾಗೇ ಆಗುತ್ತಿತ್ತು. ತಮ್ಮ ಈರಯ್ಯನಿಗೆ ತುಸು ಕಡಿಮೆ. ಸಪ್ಪಳ ಬರುವುದು ಮೊದಲೇ ಗೊತ್ತಿದ್ದರೆ ಏನೂ ಇಲ್ಲ. ರೈಲಿನ ಸಿಳ್ಳಿಗೆ ಕಾದು ಕೂತು, ಅದು ಕೂಗಿದ ಮೇಲೆ, "ಮುಗೀತೇನ್ ನಿಂದು?" ಎಂದು ನಗುತ್ತಿದ್ದಳು.

೧೯೨೬ರಲ್ಲಿ ಈರಯ್ಯನಿಗೆ ಗಂಡುಮಗು ಹುಟ್ಟಿತು. ತೊಟ್ಟಿಲ ಶಾಸ್ತ್ರ ಖಾನಾಪುರದಲ್ಲಿ, ಅವನ ಹೆಂಡತಿಯ ತವರಿನಲ್ಲಿ. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಊದಬೇಕು, ಆಗ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಮಕ್ಕಳಿಲ್ಲದ ಕಾಶವ್ವನಿಗೆ ಈ ಒಂದು ಹೆಸರಾದರೂ ತನ್ನ ಬಾಯಿಂದ ಬರಲೆಂಬ ಆಸೆ.

ಬೀಗಿತಿ ಗೌರವ್ವ, ಕೂಸಿನ ತಾಯಿಯ ತಾಯಿ, ಒಪ್ಪಲಿಲ್ಲ. "ಗುದ್ದಿದ್ರ ನೀವು ತೊಟ್ಲದಾಗ ಬೀಳ್ತೀರಿ, ಕೂಸು ರೊಟ್ಟಿ ಆಕ್ಕೈತಿ! ಬಾಜುಕ ಕುಂದರ್ರಿ."

"ಹೊಡೀತೀರಂತ ಗೊತ್ತಿದ್ರ ನಾ ಬೀಳಂಗಿಲ್ರೀ."

"ಖರೇ ಇರಬಹುದು. ಕೂಸಿನ ಮ್ಯಾಲ ಪರೀಕ್ಷಾ ಬ್ಯಾಡ."

ಕಾಶವ್ವ ಗೋಡೆಗೆ ಒರಗಿ ಕೂತಳು. ಅಷ್ಟರಲ್ಲಿ ಯಾರದೋ ಕೈಯಿಂದ ಆರತಿ ತಾಟು ಜಾರಿತು. ತಾಟುಗಳ ಮೇಲೆ ಕಣ್ಣಿಡುವುದು ಅವಳ ಜನ್ಮದ ಕೆಲಸ. ಜಾರುವುದನ್ನು ನೋಡಿಯೇ ಹಲ್ಲು ಕಚ್ಚಿದ್ದಳು. ಬೆಚ್ಚಿದ್ದು ಕೂಸು. ಕೈಕಾಲು ಸೆಟೆದು ಕಟ್ಟಿಗೆಯಾಯಿತು, ಉಸಿರು ನಿಂತು ತುಟಿ ನೀಲಿಗಟ್ಟಿತು. ಗೌರವ್ವ ಚೀರಿಕೊಂಡಳು.

ಕಾಶವ್ವ ಎದ್ದು ಬಂದು ಕೂಸಿನ ತಲೆಯನ್ನು ಬಗ್ಗಿಸಿ, ಮೊಣಕಾಲು ಎದೆಗೆ ಹತ್ತುವಂತೆ ಮಡಚಿ ಅವಚಿ ಹಿಡಿದಳು. ಈರಯ್ಯ ಕೂಸಾಗಿದ್ದಾಗ ಅಪ್ಪ ಹೀಗೇ ಮಡಚುವುದನ್ನು ಎಷ್ಟೋ ಸಲ ನೋಡಿದ್ದಳು. ಕೂಸು ಸಡಿಲಾಯಿತು, ಉಸಿರೆಳೆಯಿತು, ಸ್ಟೇಶನ್ನಿನವರೆಗೆ ಕೇಳುವಂತೆ ಅತ್ತಿತು.

ಗೌರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೆಸರು ನೀವ ಇಡ್ರಿ. ಈ ಮಡಚೂದು ನನಗೂ ಕಲಸ್ರಿ."

"ಮೊದ್ಲ ಗುದ್ರಿ. ಒಂದು ಎರಡು ಮೂರು ಅಂದು ಗುದ್ಬೇಕು, ಕಳ್ಳಾಟ ಬ್ಯಾಡ!"

ಎಣಿಸಿಯೇ ಗುದ್ದಿದರು. ಗೌರವ್ವನ ಗುದ್ದು ಎಲ್ಲರಿಗಿಂತ ಜೋರಾಗಿತ್ತು. ಕಾಶವ್ವ ಅಲುಗದೆ ಬಗ್ಗಿ ತನ್ನ ಅಪ್ಪನ ಹೆಸರನ್ನೇ ಊದಿದಳು: ಕಲ್ಲಯ್ಯ.

ಮೂರು ವರ್ಷದ ಆ ಕಲ್ಲಯ್ಯ ಈಗ ಅನಗೋಳದ ಮನೆಯಲ್ಲಿ ಅತ್ತೆಯ ಚರಿಗೆ ಉರುಳಿಸಿಕೊಂಡು ಆಡುತ್ತಾನೆ. ತಾನೇ ಉರುಳಿಸಿದ್ದಕ್ಕೆ ಬೆಚ್ಚುವುದಿಲ್ಲ. ಬೇರೆಯವರ ಸಪ್ಪಳಕ್ಕೆ ಬೆಚ್ಚುತ್ತಾನೆ. ಹಾಗಾಗಿ ಓಣಿಯವರು ಕೆಮ್ಮುತ್ತಲೇ ಇದ್ದಾರೆ.