ಹೆಸರು ಹಾಕಿದ ಡಬ್ಬಿಗಳು

ಕಾಕಾ ನಡೆಯುವಾಗ ಬಲಗೈ ಸದಾ ಮುಂದಕ್ಕೆ ಚಾಚಿರುತ್ತಿತ್ತು. ಅಂಗೈಯ ಮೇಲೆ ಹಳದಿ-ಕಪ್ಪು ರಬ್ಬರಿನ ಹೊದಿಕೆಯ ಒಂದು ಸಣ್ಣ ಯಂತ್ರ. ತುಂಬಿದ ಚಹಾದ ಬಸಿ ಹಿಡಿದವರ ಹಾಗೆ ಅದರ ಮೇಲೇ ಕಣ್ಣು ನೆಟ್ಟು ಹೆಜ್ಜೆ ಇಡುತ್ತಿದ್ದರು. ಕೊರಳಲ್ಲಿ ಎರಡು ದಾರ, ಒಂದಕ್ಕೆ ಚಷ್ಮಾ, ಇನ್ನೊಂದಕ್ಕೆ ಈ ಯಂತ್ರ. ಯಂತ್ರ ನೋಡಲು ಚಷ್ಮಾ ಹಾಕಬೇಕು, ದಾರಿ ನೋಡಲು ತೆಗೆಯಬೇಕು. ಅವರು ತೆಗೆಯುತ್ತಿರಲಿಲ್ಲ. ಹೀಗಾಗಿ ಬೆಟಗೇರಿಯ ನಮ್ಮ ಓಣಿಯಲ್ಲಿ ಅವರು ಹೋಗಿ ಡಿಕ್ಕಿ ಹೊಡೆಯದ ಎಮ್ಮೆ ಇರಲಿಲ್ಲ. ಕೊನೆಕೊನೆಗೆ ಎಮ್ಮೆಗಳೇ ಅವರನ್ನು ಕಂಡು ಬದಿಗೆ ಸರಿಯತೊಡಗಿದವು.

ಅವರದು ಭಾಂಡೆ ಅಂಗಡಿ. ಸ್ಟೀಲಿನ ಕೊಡ, ತಾಟು, ವಾಟಗಾ ಅನ್ನುವ ಸಣ್ಣ ಬಟ್ಟಲು, ಡಬ್ಬಿ. ಅದರ ಪಕ್ಕದ್ದೇ ನನ್ನದು, ಸೀರೆಗೆ ಫಾಲ್ ಹಚ್ಚಿ ಪೀಕೊ ಮಾಡುವ ಅಂಗಡಿ. ನಡುವೆ ಒಂದೇ ಗೋಡೆ. ಅವರು ಆಚೆ ಭಾಂಡೆಯ ಮೇಲೆ ಹೆಸರು ಕೊರೆಯುವ ಮಷೀನು ಗರ್ ಅನ್ನಿಸಿದರೆ ಈಚೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಗೋಡೆ ಗುದ್ದುತ್ತಿದ್ದೆ. ಅವರು ಆ ಕಡೆಯಿಂದ ತಿರುಗಿ ಗುದ್ದುತ್ತಿದ್ದರು, ಆದರೆ ಚಹಾ ಬಂದಿದೆ ಅಂತ ಹೇಳಲು.

ಯಂತ್ರ ಬಂದದ್ದು ಗಾಳಿಪಂಕಾದ ಕಂಪನಿಯ ಒಬ್ಬ ಇಂಜಿನಿಯರನಿಂದ. ನಮ್ಮ ಸುತ್ತಲಿನ ಹೊಲಗಳಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಬಿಳಿ ಪಂಕಾ ನಿಲ್ಲಿಸಲು ಜಾಗ ಗುರುತಿಸುತ್ತ ತಿರುಗುತ್ತಿದ್ದವನು, ಕಾಕಾರ ಅಂಗಡಿಯ ಮೇಲಿನ ಖೋಲಿಯಲ್ಲಿ ಬಾಡಿಗೆಗೆ ಇದ್ದ. ವರ್ಗವಾಗಿ ಹೋಗುವಾಗ ತನ್ನ ಹಳೆಯ ಜಿಪಿಎಸ್ ಯಂತ್ರವನ್ನು ಕಾಕಾರಿಗೆ ಕೊಟ್ಟು, ಜೊತೆಗೆ ಜಿಯೋಕ್ಯಾಶಿಂಗ್ ಅನ್ನುವ ಆಟವನ್ನೂ ಹೇಳಿಕೊಟ್ಟ. ಆತ ನಗುತ್ತ ಹೇಳಿ ಹೋದ, ಇವರು ದೀಕ್ಷೆ ತೆಗೆದುಕೊಂಡವರ ಹಾಗೆ ಹಿಡಿದು ಕುಳಿತರು.

ಆಟ ಸರಳ. ಎಲ್ಲಾದರೂ ಒಂದು ಡಬ್ಬಿ ಬಚ್ಚಿಡಬೇಕು. ಒಳಗೆ ನಾಲ್ಕು ಚಿಲ್ಲರೆ ಸಾಮಾನು, ಒಂದು ಕಾಗದ, ಒಂದು ಪೆನ್ಸಿಲ್. ಜಾಗದ ಅಕ್ಷಾಂಶ ರೇಖಾಂಶಗಳನ್ನು ಯಂತ್ರದಿಂದ ಬರೆದುಕೊಂಡು ಆಟದ ಜಾಲತಾಣಕ್ಕೆ ಏರಿಸಬೇಕು. ಜಗತ್ತಿನ ಯಾರೋ ತಮ್ಮ ಯಂತ್ರ ಹಿಡಿದು ಬಂದು, ಹುಡುಕಿ, ಒಳಗಿನ ಒಂದು ಸಾಮಾನು ತೆಗೆದುಕೊಂಡು, ಬದಲಿಗೆ ತಮ್ಮದೊಂದು ಇಟ್ಟು, ಕಾಗದದ ಮೇಲೆ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಹೋಗಬೇಕು. ಕಾಕಾ ಇದಕ್ಕೆ 'ಡಬ್ಬಿ ಆಟ' ಅಂತ ಹೆಸರಿಟ್ಟರು. ಅಂಕಿ ಏರಿಸುವ ಕೆಲಸ ನನ್ನ ಮೊಬೈಲಿಗೆ ಬಿತ್ತು. ದಿನಾ ಮುಂಜಾನೆ ಶಟರ್ ಎತ್ತುವ ಮೊದಲು ಗೋಡೆಯಾಚೆಯಿಂದ ಒಂದೇ ಪ್ರಶ್ನೆ, ಯಾರಾದರೂ 'ಡಬ್ಬಿ ಸಿಕ್ಕಿತು' ಅಂತ ಬರೆದಿದ್ದಾರೆಯೇ ಎಂದು. ಯಾರೂ ಬರೆದಿರುತ್ತಿರಲಿಲ್ಲ.

ಬರೆಯುವುದಾದರೂ ಹೇಗೆ? ಡಬ್ಬಿ ಅಲ್ಲಿದ್ದರೆ ತಾನೇ.

ತಪ್ಪು ಕಾಕಾರದೇ. ಪ್ರತಿ ಡಬ್ಬಿಯ ಮುಚ್ಚಳದ ಮೇಲೂ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಅಂಗಡಿಯ ಹೆಸರು, ಓಣಿ, ಬೆಟಗೇರಿ ಅಂತ ಕೊರೆದು ಒಯ್ಯುತ್ತಿದ್ದರು. ನಮ್ಮ ಕಡೆ ಭಾಂಡೆಯ ಮೇಲೆ ಹೆಸರಿದ್ದರೆ ಅದು ಆ ಮನೆಯದ್ದು. ಮದುವೆಯಲ್ಲಿ ಅದಲು ಬದಲಾದರೂ, ಬಸ್ಸಿನಲ್ಲಿ ಮರೆತರೂ ಎಂದಾದರೊಂದು ದಿನ ಅದು ಮನೆ ಸೇರಬೇಕು. ಸೇರುವಾಗ ಖಾಲಿ ಸೇರಬಾರದು. ಇನ್ನೊಬ್ಬರ ಡಬ್ಬಿಯನ್ನು ಬರಿದೇ ತಿರುಗಿ ಕೊಡುವಷ್ಟು ಗತಿಗೆಟ್ಟವರು ಗದಗ ಸೀಮೆಯಲ್ಲಿ ಯಾರೂ ಇಲ್ಲ.

ಮೊದಲ ಡಬ್ಬಿಯನ್ನು ಮುಳಗುಂದದ ಆಚೆ ಒಂದು ಬನ್ನಿಗಿಡದ ಬುಡದಲ್ಲಿ ಇಟ್ಟು ಬಂದೆವು. ಅದೇ ವಾರ ಪಟಕಾ ಸುತ್ತಿದ ರೈತನೊಬ್ಬ ಅದನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ಬಂದ. ಯಾರದೋ ಟ್ರ್ಯಾಕ್ಟರಿನಿಂದ ಬಿದ್ದಿರಬೇಕು, ಹೆಸರಿತ್ತು, ಅದಕ್ಕೇ ತಂದೆ ಅಂದ. ಡಬ್ಬಿಯ ತುಂಬ ಶೇಂಗಾದ ಉಂಡಿ. ಕಾಕಾರ ಮುಖ ಇಳಿದುಹೋಯಿತು. ಆದರೆ ಅಷ್ಟು ದೂರದಿಂದ ಬಂದ ಮನುಷ್ಯನನ್ನು ಬಯ್ಯುವಂತಿಲ್ಲ. ಚಹಾ ತರಿಸಿದರು, ಹೋಗುವಾಗ ಕೈಯಲ್ಲಿ ಒಂದು ವಾಟಗಾ ಇಟ್ಟರು. ಆ ಸುದ್ದಿ ಮುಳಗುಂದದಲ್ಲಿ ಹಬ್ಬಿತೆಂದು ಕಾಣುತ್ತದೆ. ಎರಡನೆಯ ಸಲ ಇಟ್ಟದ್ದು ಇನ್ನೂ ಬೇಗ ಬಂತು.

ಹೊಂಬಳದ ಡಬ್ಬಿ ಜೋಳದ ಅರಳು ತುಂಬಿಕೊಂಡು ಬಂತು. ಶಿರಹಟ್ಟಿಯದು ಕೆಂಪು ಖಾರ ತುಂಬಿಕೊಂಡು ಬಂತು. ಹೆಸರು ಹಾಕದೆ ಇಡಿರಿ ಅಂತ ನಾನು ಬಡಿದುಕೊಂಡೆ. ಹೆಸರಿಲ್ಲದ ಭಾಂಡೆ ತಮ್ಮ ಅಂಗಡಿಯ ಬಾಗಿಲು ದಾಟುವುದಿಲ್ಲ ಅಂದರು. ಬೇಕಿದ್ದರೆ ಇನ್ನೊಂದು ಸಾಲು ಹಾಕುತ್ತೇನೆ ಎಂದು 'ಇದನ್ನು ಇಲ್ಲೇ ಬಿಡಿರಿ' ಅಂತ ದೊಡ್ಡದಾಗಿ ಕೊರೆದರು. ಅದನ್ನೂ ಒಬ್ಬ ತಂದ. ಓದಲಿಲ್ಲವೇನಪ್ಪಾ ಅಂತ ನಾನೇ ಕೇಳಿದೆ.

"ಓದೇನ್ರೀ ಅಕ್ಕಾರ. ಆದ್ರ ಎಲ್ಲಾರೂ ನನ್ನಂಗ ಇರಂಗಿಲ್ಲಲ್ರಿ. ಯಾವನರ ಎತ್ತಕೊಂಡು ಹೋಗೂಕಿಂತ ಮೊದಲ ತಂದಬಿಟ್ಟೆ" ಅಂದ.

ಇದಕ್ಕೆ ಏನು ಹೇಳುತ್ತೀರಿ? ಕಾಕಾ ಮತ್ತೆ ಚಹಾ ತರಿಸಿದರು. ಒಳಗಿನಿಂದ ಅವರ ಹೆಂಡತಿ, ನಮ್ಮೆಲ್ಲರ ಕಾಕು, ಇವರು ಬಚ್ಚಿಡುವುದು, ಅವರು ತಂದು ಕೊಡುವುದು, ನಡುವೆ ತಮ್ಮ ವಾಟಗಾಗಳೆಲ್ಲ ಊರೂರು ಸೇರುವುದು, ಇದು ಯಾವ ದೇಶದ ಆಟ ಅಂತ ಕೇಳಿದರು. ಉಂಡಿಯನ್ನು ಮಾತ್ರ ಬೇಡ ಅನ್ನಲಿಲ್ಲ.

ಡಬ್ಬಿ ಇಡಲು ಹೋಗುತ್ತಿದ್ದದ್ದು ನನ್ನ ಸ್ಕೂಟರಿನ ಮೇಲೆ, ಅಂಗಡಿ ಸೂಟಿಯ ದಿನ. ಹಿಂದೆ ಕುಳಿತು ಯಂತ್ರ ನೋಡಿ ದಾರಿ ಹೇಳುವುದು ಅವರ ಕೆಲಸ. ಆ ಯಂತ್ರಕ್ಕೆ ದಿಕ್ಕು ಗೊತ್ತು, ರಸ್ತೆ ಗೊತ್ತಿಲ್ಲ. ಕಾಗೆ ಹಾರುವ ಹಾಗೆ ನೆಟ್ಟಗೆ ಒಂದು ಬಾಣ ತೋರಿಸುತ್ತದೆ. "ಎಡಕ್ಕ ಹೊಳ್ಳಸವಾ ತಂಗಿ" ಅನ್ನುತ್ತಿದ್ದರು. ಎಡಕ್ಕೆ ಎದೆಮಟ್ಟ ಹತ್ತಿ ಬೆಳೆ. ನಾನು ಸ್ಕೂಟರ್ ನಿಲ್ಲಿಸಿ, ಎದುರಿಗೆ ಬಂದವರನ್ನು ದಾರಿ ಕೇಳುತ್ತಿದ್ದೆ. ನನಗೆ ಹುಟ್ಟಿನಿಂದ ಗೊತ್ತಿರುವ ಉಪಾಯ ಅದೊಂದೇ. ಕಾಕಾರಿಗೆ ಅದು ಮಹಾ ಅಪಚಾರ.

"ಕೇಳಿ ಹೋದ್ರ ಅದು ಹುಡುಕೂದಲ್ಲ, ಬೀಗರ ಮನಿಗೆ ಹೋದಂಗ" ಅಂದು ಊರು ಮುಟ್ಟುವ ತನಕ ಮಾತು ಬಿಡುತ್ತಿದ್ದರು.

ಅವರ ಆಸೆ ಬಹಳ ಸಣ್ಣದು. ಒಬ್ಬರು, ಒಬ್ಬರೇ ಒಬ್ಬರು, ಯಾರನ್ನೂ ಕೇಳದೆ ಬಂದು ಹುಡುಕಿ, ಆ ಕಾಗದದ ಮೇಲೆ ಹೆಸರು ಬರೆಯಬೇಕು. ಅದೊಂದು ನೋಡಿ ಸಾಯುತ್ತೇನೆ ಅನ್ನುತ್ತಿದ್ದರು. ಇಂಥ ಮಾತಿಗೆ ನಾನು ನಗುತ್ತಿದ್ದೆ.

ಒಮ್ಮೆ ಅದು ಇನ್ನೇನು ಕೈಗೆ ಬಂದೇಬಿಟ್ಟಿತ್ತು. ಲಕ್ಷ್ಮೇಶ್ವರದ ಹತ್ತಿರ ಅಡರಕಟ್ಟಿಯಲ್ಲಿ, ರಸ್ತೆಯ ಮೋರಿಯ ಪಕ್ಕದ ಕಲ್ಲಿನ ಕೆಳಗೆ ಇಟ್ಟ ಡಬ್ಬಿ ಅದು. ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಕಾರು ನಿಂತಿತು. ಬೆಳಗಾವಿಯ ಹಲ್ಲಿನ ಡಾಕ್ಟರರು, ನಡುವಯಸ್ಸು, ಪ್ಯಾಂಟಿಗೆಲ್ಲ ಎರೆಮಣ್ಣು, ಕೈಯಲ್ಲಿ ಕಾಕಾರದ್ದಕ್ಕಿಂತ ಹೊಸ ಯಂತ್ರ. ಅಡರಕಟ್ಟಿಗೆ ಹೋಗಿ ಮೋರಿ ಕೆದಕುತ್ತ ನಿಂತಾಗ ಊರವರು ಬಂದು, ಡಬ್ಬಿಯೇ? ಅದರ ಮಾಲಕರು ಬೆಟಗೇರಿಯವರು, ಮೊನ್ನೆಯೇ ಮುಟ್ಟಿಸಿದ್ದೇವೆ, ನೆಟ್ಟಗೆ ಅಲ್ಲಿಗೇ ಹೋಗಿರಿ ಅಂತ ಓಣಿಯ ಗುರುತು ಸಮೇತ ಹೇಳಿ ಕಳಿಸಿದ್ದರು.

ಕಾಕಾ ಎದ್ದು ನಿಂತು ಎರಡೂ ಕೈ ಮುಗಿದರು. ಮರುಗಳಿಗೆ ತಿರುಗಿ ಹಿಂದಿನ ಗೋಡೆಯ ಗೂಡು ನೋಡಿದರು. ಅಡರಕಟ್ಟಿಯ ಡಬ್ಬಿ ಶೇಂಗಾದ ಚಟ್ನಿಪುಡಿ ತುಂಬಿಕೊಂಡು ಅಲ್ಲಿ ಕುಳಿತಿತ್ತು. ಡಾಕ್ಟರರು ನಕ್ಕು, ಕೊಡಿರಿ, ಇಲ್ಲೇ ಹೆಸರು ಬರೆಯುತ್ತೇನೆ ಅಂದರು. ಬರೆಸಿಕೊಂಡಿದ್ದರೆ ಮುಗಿದಿತ್ತು. ಕಾಕಾ ಒಪ್ಪಬೇಕಲ್ಲ.

"ಇಲ್ಲಿ ಸಿಕ್ಕದ್ದು ಸಿಕ್ಕಂಗಲ್ರೀ ಸಾಹೇಬ್ರ. ಅಲ್ಲೇ ಸಿಗಬೇಕು. ಬರ್ರಿ, ಹೋಗೂಣು."

ಚಟ್ನಿಪುಡಿಯನ್ನು ಕಾಕು ಹಿಡಿದ ತಾಟಿಗೆ ಸುರಿದು, ಡಬ್ಬಿ ಒರೆಸಿ, ಕಾಗದ ಪೆನ್ಸಿಲ್ ಹಾಕಿ, ಡಾಕ್ಟರರ ಕಾರಿನಲ್ಲೇ ಹೊರಟೆವು. ಅಂಗಡಿ ಮುಚ್ಚಿ ನಾನೂ ಹೋದೆ, ಇಂಥದ್ದನ್ನು ಬಿಟ್ಟು ಫಾಲ್ ಹಚ್ಚುತ್ತ ಕೂಡುವವರು ಯಾರು. ಅಡರಕಟ್ಟಿ ಬಂದ ಮೇಲೆ ಡಾಕ್ಟರರನ್ನು ಚಹಾದಂಗಡಿಯ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಕಾಕಾ ಹೋಗಿ ಡಬ್ಬಿಯನ್ನು ಮತ್ತೆ ಕಲ್ಲಿನ ಕೆಳಗೆ ಇಟ್ಟರು. ಅಷ್ಟರಲ್ಲಿ ಅರ್ಧ ಊರು ಮೋರಿಯ ಕಟ್ಟೆಯ ಮೇಲೆ ಕುಳಿತಿತ್ತು. ಅದನ್ನು ಬೆಟಗೇರಿಗೆ ಮುಟ್ಟಿಸಿದ್ದ ಮನುಷ್ಯನೂ ಅಲ್ಲೇ ಇದ್ದ. ಅಷ್ಟು ಜೋಪಾನ ಮಾಡಿ ಕೊಟ್ಟದ್ದನ್ನು ಮತ್ತೆ ತಂದು ಒಗೆಯುತ್ತಾರಲ್ಲ ಅಂತ ಅವನಿಗೆ ಬಹಳ ಬೇಜಾರಾಗಿತ್ತು.

ಡಾಕ್ಟರರು ಯಂತ್ರ ಹಿಡಿದು ಹುಡುಕತೊಡಗಿದರು. ಎದುರಿಗೆ ಒಬ್ಬ ಮನುಷ್ಯ ಹುಡುಕಾಡುವಾಗ ಸುಮ್ಮನೆ ಕೂಡುವ ಗುಣ ನಮ್ಮ ಜನಕ್ಕಿಲ್ಲ. ಅತ್ತ ಅಲ್ಲ ಇತ್ತ ಅಂತ ಒಬ್ಬ, ಇನ್ನೂ ಕೆಳಗೆ ಅಂತ ಇನ್ನೊಬ್ಬ. ಕಾಕಾ ಎಲ್ಲರಿಗೂ ಕೈ ಮುಗಿದು ಸುಮ್ಮನಿರಲು ಬೇಡುತ್ತಿದ್ದರು. ಒಬ್ಬ ಅಜ್ಜಿಗೆ ಇದನ್ನು ನೋಡಿ ಕರುಳು ಚುರ್ ಅಂದಿರಬೇಕು. ಸೆರಗು ಸಿಕ್ಕಿಸಿ ಇಳಿದು, ಕಲ್ಲು ಸರಿಸಿ, ಡಬ್ಬಿ ತೆಗೆದು ಡಾಕ್ಟರರ ಕೈಗೆ ಇಟ್ಟಳು. ಪರವೂರಿನವರನ್ನು ಹೀಗೆ ಬಿಸಿಲಲ್ಲಿ ಆಡಿಸುತ್ತಾರೇನು ಅಂತ ಕಾಕಾರಿಗೇ ಬೈದಳು.

ಡಾಕ್ಟರರು ನಗುತ್ತಲೇ ಪೆನ್ಸಿಲ್ ತೆಗೆದರು. ಕಾಕಾ ಅದನ್ನು ಮೆಲ್ಲಗೆ ಕಸಿದುಕೊಂಡರು. ಸಿಕ್ಕದ್ದು ಅಜ್ಜಿಗೆ, ಬರೆಯುವುದಾದರೆ ಅಜ್ಜಿಯ ಹೆಸರೇ ಬರೆಯಬೇಕು, ಆಟದ ನಿಯಮ ಅಂದರೆ ನಿಯಮ. ಕಾಗದವನ್ನು ಅಜ್ಜಿಯ ಮುಂದೆ ಹಿಡಿದರು. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದಳು.

"ಯಾರರ ಕಾಗದಾ ತಂದ್ರ ಸಹಿ ಮಾಡಬ್ಯಾಡ ಅಂತ ನನ್ನ ಮಗಾ ಹೇಳ್ಯಾನ" ಅಂದಳು.

ಕಾಗದ ಬರಿದಾಗಿಯೇ ಉಳಿಯಿತು. ಕಾಕಾ ಅದನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಗೆ ಹಾಕಿದರು. ಅಂದು ನಾನು ನಗಲಿಲ್ಲ. ಡಾಕ್ಟರರು ಅಲ್ಲಿಂದಲೇ ಬೆಳಗಾವಿಗೆ ಹೊರಟರು. ನಾವು ಬಸ್ಸಿನಲ್ಲಿ ವಾಪಸ್ ಬರುವಾಗ ಲಕ್ಷ್ಮೇಶ್ವರ ದಾಟಿದ ಮೇಲೆ ಕಾಕಾ, "ಮಂದಿ ಒಳ್ಳೇವ್ರ ಅದಾರವಾ ತಂಗಿ. ಅದ ತ್ರಾಸ ಆಗೇತಿ" ಅಂದರು.

ಆಮೇಲೆ ಅವರು ಇಟ್ಟದ್ದು ಒಂದೇ ಡಬ್ಬಿ. ಮುಂಡರಗಿಯ ರಸ್ತೆಯಿಂದ ಒಳಗೆ, ಗುಡ್ಡದ ಬುಡದ ಒಂದು ಕಲ್ಲಿನ ಒಡ್ಡಿನಲ್ಲಿ. ಅಂದು ನನ್ನನ್ನು ರಸ್ತೆಯಲ್ಲೇ ನಿಲ್ಲಿಸಿ ಒಬ್ಬರೇ ಹೋಗಿಬಂದರು. ಆ ಡಬ್ಬಿ ಬರಲಿಲ್ಲ. ಶೇಂಗಾ ಸುಗ್ಗಿ ಮುಗಿಯಿತು, ಬರಲಿಲ್ಲ. ಯಾವ ಪಟಕಾದವನು ಅಂಗಡಿಯ ಮೆಟ್ಟಿಲು ಹತ್ತಿದರೂ ಕಾಕಾ ಮೊದಲು ಅವನ ಕೈ ನೋಡುತ್ತಿದ್ದರು, ಖಾಲಿ ಇದ್ದರೆ ಹಿಗ್ಗುತ್ತಿದ್ದರು. ಗಿರಾಕಿಗಳು ಇದನ್ನು ಬೇರೆಯೇ ತಿಳಿದುಕೊಂಡಿರಬೇಕು.

ಅವರಿಗೆ ಉಸಿರಾಟದ ತೊಂದರೆ ಹೆಚ್ಚಾಗಿ ಗದಗದ ದವಾಖಾನೆಗೆ ಸೇರಿಸಿದಾಗ ನಾನು ಬುತ್ತಿ ಒಯ್ದಿದ್ದೆ. ಬುತ್ತಿಯ ಡಬ್ಬಿಯ ಮೇಲಿನ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿ, ತಮ್ಮದೇ ಅಕ್ಷರ ಅಂತ ಗುರುತು ಹಿಡಿದರು. ಆಮೇಲೆ ಕೇಳಿದರು.

"ಮುಂಡರಗೀದು ಬಂತೇನ?"

"ಇಲ್ರೀ ಕಾಕಾ."

"ಬರಬಾರದು ನೋಡ" ಅಂದು ಕಣ್ಣು ಮುಚ್ಚಿ ನಕ್ಕರು. ಆ ವಾರವೇ ಹೋಗಿಬಿಟ್ಟರು. ಆಚೆಯ ಗರ್ ಸದ್ದು ನಿಂತ ಮೇಲೆ ನನಗೆ ಕೆಲಸದ ಮೇಲೆ ಲಕ್ಷ್ಯವೇ ನಿಲ್ಲಲಿಲ್ಲ. ಎಷ್ಟೋ ಸಲ ಸುಮ್ಮನೆ ಗೋಡೆ ಗುದ್ದಿದ್ದೇನೆ.

ಅಂಗಡಿಯನ್ನು ಮೊಬೈಲ್ ಕವರ್ ಮಾರುವವನಿಗೆ ಬಾಡಿಗೆಗೆ ಕೊಟ್ಟು, ಕಾಕು ಯಂತ್ರವನ್ನು ನನ್ನ ಕೈಗಿಟ್ಟರು. ಮನೆಯಲ್ಲಿದ್ದರೆ ನೋಡಿದಾಗೊಮ್ಮೆ ಅಳು ಬರುತ್ತದೆ ಅಂದರು. ಯಂತ್ರಕ್ಕೆ ಹೊಸ ಪೆನ್ಸಿಲ್ ಸೆಲ್ ಹಾಕಿ, ಅದರಲ್ಲೇ ಉಳಿದಿದ್ದ ಕಾಕಾರ ಅಂಕಿ ತೆರೆದು, ಸೂಟಿಯ ದಿನ ಮುಂಡರಗಿ ದಾರಿ ಹಿಡಿದೆ. ಡಬ್ಬಿ ನಿಜವಾಗಿಯೂ ಅಲ್ಲಿದೆಯೇ ನೋಡಬೇಕಿತ್ತು. ಇಲ್ಲವಾದರೆ ಕಾಕಾ ನಕ್ಕದ್ದು ಸುಳ್ಳಾಗುತ್ತಿತ್ತು. ರಸ್ತೆ ಬಿಟ್ಟು ಒಳಗೆ ಇಳಿದಾಗ ಕುರಿ ಕಾಯುವವನೊಬ್ಬ ಎಲ್ಲಿಗೆ ಹೊರಟಿರಿ ಅಂತ ಕೇಳಿದ. ಒಡ್ಡು ಎಲ್ಲಿದೆ ಅಂತ ಕೇಳಲು ನನ್ನ ನಾಲಿಗೆ ತುದಿಗೆ ಬಂದಿತ್ತು. ಕಚ್ಚಿಕೊಂಡೆ. ಬಾಣ ತೋರಿಸಿದ ಕಡೆ ನೆಟ್ಟಗೆ, ಜಾಲಿಮುಳ್ಳಿನ ನಡುವೆಯೇ ನುಗ್ಗಿದೆ. ಊರ ಸೀರೆಗಳಿಗೆಲ್ಲ ಫಾಲ್ ಹಚ್ಚುವ ನನ್ನ ಸೀರೆಯ ಫಾಲೇ ಕಿತ್ತು ಜೋಲಾಡತೊಡಗಿತು.

ಡಬ್ಬಿ ಅಲ್ಲೇ ಇತ್ತು. ಎರಡು ಕಲ್ಲಿನ ಸಂದಿಯಲ್ಲಿ, ಅವರ ಕೈಯಿಟ್ಟ ಹಾಗೆಯೇ. ಒಳಗೆ ಒಂದು ಚಮಚ, ಒಂದು ಗೋಲಿ, ಒಂದು ಕೂದಲ ಪಿನ್ನು, ಪೆನ್ಸಿಲ್, ಏನೂ ಬರೆಯದ ಕಾಗದ. ಅಲ್ಲೇ ಕುಳಿತು ಮನಸಾರೆ ಅತ್ತೆ. ಕಾಗದದ ಮೇಲೆ ನನ್ನ ಹೆಸರು ಬರೆದೆ, ಪಿನ್ನು ತೆಗೆದುಕೊಂಡೆ, ಬದಲಿಗೆ ಪರ್ಸಿನಲ್ಲಿದ್ದ ಹಸಿರು ದಾರದ ರೀಲು ಇಟ್ಟೆ. ಯಾರನ್ನೂ ಕೇಳದೆ ಬಂದಿದ್ದೇನೆ ಕಾಕಾ ಅಂತ ಗಟ್ಟಿಯಾಗಿಯೇ ಹೇಳಿದೆ. ಆದರೆ ನನ್ನ ಲೆಕ್ಕ ಯಾವ ಲೆಕ್ಕ, ನಾನು ಮನೆಯವಳು. ಅವರಿಗೆ ಬೇಕಾಗಿದ್ದದ್ದು ಹೊರಗಿನವರು.

ಕೆಲವು ದಿನಗಳ ಮೇಲೆ ಮೊಬೈಲ್ ಕವರಿನ ಹುಡುಗ ಒಬ್ಬ ಹೆಣ್ಣುಮಗಳನ್ನು ನನ್ನ ಅಂಗಡಿಗೆ ಕಳಿಸಿದ. ಗುಡ್ಡದ ಕಡೆಯವಳು, ಸೆರಗಿನಡಿ ಏನೋ ಹಿಡಿದಿದ್ದಳು. ನೋಡುವ ಮೊದಲೇ ನನಗೆ ಗೊತ್ತಾಯಿತು. ಎಮ್ಮೆ ಹುಡುಕುತ್ತ ಹೋದಾಗ ಒಡ್ಡಿನ ಸಂದಿಯಲ್ಲಿ ಹೊಳೆಯುವುದು ಕಂಡಿತಂತೆ, ಹೆಸರಿತ್ತಂತೆ, ತಂದಳಂತೆ. ಕಾಕಾ ಹೋದ ಸುದ್ದಿ ಹೇಳಿದೆ. ಪಾಪ, ಕಂಡರಿಯದ ಮನುಷ್ಯನಿಗಾಗಿ ಮುಚ್ಚಳದ ಮೇಲಿನ ಅಕ್ಷರಗಳಿಗೇ ಕೈ ಮುಗಿದಳು. ಆಮೇಲೆ ಡಬ್ಬಿಯನ್ನು ನನ್ನ ಮುಂದೆ ಸರಿಸಿದಳು.

"ಒಳಗ ಹಸರ ದಾರ ಇತ್ರಿ, ಕುಬಸಕ್ಕ ಬೇಕಾಗಿತ್ತು, ಅದನ್ನ ತಗೊಂಡೇನ್ರಿ. ಬದ್ಲಿ ಶೇಂಗಾ ಹಾಕೇನಿ. ಕಾಗದದಾಗ ಯಾರದೋ ಹೆಸರಿತ್ತಲ್ರಿ, ಅದರ ಕೆಳಗ ನಂದೂ ಬರದೇನಿ. ತಪ್ಪ ಆತೇನ್ರಿ?"

ಮುಚ್ಚಳ ತೆಗೆದು ಶೇಂಗಾದೊಳಗೆ ಬೆರಳು ಹಾಕಿದೆ. ಶೇಂಗಾ ಕೆಳಗೆ ಕಾಗದ ನೀಟಾಗಿ ಮಡಿಸಿತ್ತು. ಗುಂಡಗಿನ ಶಾಲೆಯ ಅಕ್ಷರದಲ್ಲಿ ಅವಳ ಹೆಸರು, ಅವಳ ಊರು. ಯಾರನ್ನೂ ಕೇಳಿರಲಿಲ್ಲ, ತಾನೇ ಕಂಡಿದ್ದಳು, ಒಂದು ತೆಗೆದು ಒಂದು ಇಟ್ಟಿದ್ದಳು, ಹೆಸರು ಬರೆದಿದ್ದಳು. ಡಬ್ಬಿಯನ್ನು ಅಲ್ಲೇ ಬಿಟ್ಟುಬರಲಿಲ್ಲ ಅನ್ನುವುದೊಂದು ತಕರಾರು ಕಾಕಾ ತೆಗೆಯುತ್ತಿದ್ದರೇನೋ, ನಾನು ಅದನ್ನು ಮಾಫಿ ಮಾಡಿದ್ದೇನೆ. ಅವಳಿಗೆ ಚಹಾ ತರಿಸಿದೆ. ಕೊಡಲು ವಾಟಗಾ ಇರಲಿಲ್ಲ, ಅದೇ ಹಸಿರಿನ ಇನ್ನೊಂದು ರೀಲು ಕೊಟ್ಟೆ.

ಡಬ್ಬಿ ಈಗ ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿದೆ. ಬರುವ ಸೂಟಿಗೆ ಒಡ್ಡಿಗೆ ಒಯ್ದು ಇಡಬೇಕು. ಅದು ತಿರುಗಿ ಬರುತ್ತದೆ, ಗೊತ್ತು, ಬರಲಿ. ಆದರೆ ಇನ್ನೊಬ್ಬರ ಡಬ್ಬಿಯನ್ನು ಖಾಲಿ ಒಯ್ಯುವಂತಿಲ್ಲ, ಕಾಕಾರದಂತೂ ಅಲ್ಲವೇ ಅಲ್ಲ. ಏನು ತುಂಬಿದರೆ ಅವರಿಗೆ ಸಾಲುತ್ತದೆ ಅಂತ ಯೋಚಿಸುತ್ತಾ ಕುಳಿತಿದ್ದೇನೆ.