ಹೊಟ್ಟೆಕಿಚ್ಚು ಎಂದು ಹೆಸರಿಟ್ಟ ಹುಣ್ಣು

ನಾನು ರಾಮದುರ್ಗದಿಂದ ಬೈಲಹೊಂಗಲದ ಮನೆಗೆ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಮನೆಯಲ್ಲಿ ಅತ್ತೆ, ನನ್ನ ಗಂಡ, ಭಾವನವರು, ಅವರ ಹೆಂಡತಿ. ಅಣ್ಣ ತಮ್ಮ ಇಬ್ಬರೂ ಕೂಡಿ ಮಾರುಕಟ್ಟೆಯ ಆವರಣದಲ್ಲಿ ಹತ್ತಿ, ಶೇಂಗಾದ ದಲಾಲಿ ಅಂಗಡಿ ನಡೆಸುತ್ತಿದ್ದರು. ಭಾವನವರ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಕಿತ್ತೂರು ಕಡೆಯವಳು. ಅವಳನ್ನು ನಾನು ಅಕ್ಕ ಎಂದೇ ಕರೆಯುತ್ತ ಬಂದೆ. ಎತ್ತರದ ಆಳು, ದೊಡ್ಡ ದನಿ. ಕಂಡದ್ದನ್ನು ಕಂಡ ಹಾಗೆ ಹೇಳಿಬಿಡುವ ಬಾಯಿ. ಆ ಬಾಯಿಯೇ ಅವಳ ಹೊಟ್ಟೆಗೆ ಮುಳುವಾಯಿತು ಎಂದು ಎಲ್ಲರೂ ಹೇಳುತ್ತಿದ್ದರು. ಆ ಮಾತು ನೆನಪಾದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಅಕ್ಕನಿಗೆ ಹೊಟ್ಟೆ ಉರಿಯುತ್ತಿತ್ತು. ಹಸಿವಾದಾಗ ಎದೆಗೂಡಿನ ಕೆಳಗೆ ಸುಡಲು ಶುರುವಾಗುತ್ತಿತ್ತು. ಒಂದು ತುತ್ತು ರೊಟ್ಟಿ ತಿಂದರೆ ಸ್ವಲ್ಪ ಹೊತ್ತು ತಣ್ಣಗಾಗಿ, ಆಮೇಲೆ ಮತ್ತೆ ಅದೇ. ರೊಟ್ಟಿ ಬಡಿಯುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ, ಹಿಟ್ಟಿನ ಕೈಯನ್ನೇ ಹೊಟ್ಟೆಗೆ ಒತ್ತಿ ಹಿಡಿದು ಬಾಗಿ ಕೂರುತ್ತಿದ್ದಳು.

"ಏನಾತಕ್ಕಾ?" ಎಂದರೆ, "ಕೆಂಡಾ ಇಟ್ಟಂಗ ಆಗಾಕತ್ತೈತಿ. ನೀ ಬೇಯಿಸು, ರೊಟ್ಟಿ ಹೊತ್ತೀತು" ಎನ್ನುತ್ತಿದ್ದಳು.

ನಾನು ಬಂದ ಹೊಸತರಲ್ಲಿ ಅತ್ತೆ ಅದಕ್ಕೊಂದು ಹೆಸರಿಟ್ಟರು. ಪಡಸಾಲೆಯಲ್ಲಿ ಓಣಿಯ ಹೆಂಗಸರು ಕೂತಿದ್ದಾಗ, ಅಕ್ಕನಿಗೂ ನನಗೂ ಕೇಳಿಸುವ ಹಾಗೆಯೇ ಹೇಳಿದರು: "ಸಣ್ಣ ಸೊಸಿ ಮನಿಗೆ ಬಂದಾಗಿಂದ ಇಕಿಗೆ ಹೊಟ್ಟಿ ಉರೀತೈತಿ. ಹೊಟ್ಟಿಕಿಚ್ಚಿಗೆ ಯಾವ ಡಾಕ್ಟರ ಔಷಧ ಕೊಟ್ಟಾನವಾ?"

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಅಕ್ಕ ನನ್ನ ಮುಖ ನೋಡಿ, "ನೀ ಯಾಕ ಸಣ್ಣ ಮಾರಿ ಮಾಡ್ತಿ? ಈ ಉರಿ ನಿನ್ನ ಲಗ್ನದ ಮಾತು ಆಡೂಕಿಂತ ಮೊದಲಿಂದನೂ ಐತಿ" ಎಂದಳು. ಅದು ಖರೆ. ಆದರೆ ಖರೆಯನ್ನು ಕೇಳುವವರು ಯಾರಿದ್ದರು? ಹೊಟ್ಟೆಕಿಚ್ಚಿನ ಮಾತು ಓಣಿಯಲ್ಲಿ ಹಬ್ಬಿತು. ಅಕ್ಕ ನೋವಿನಿಂದ ಮುಖ ಕಿವುಚಿದರೆ ಸಾಕು, ನನ್ನ ಹೊಸ ಸೀರೆಯ ಮೇಲೆ ಜನರ ಕಣ್ಣು ಹೋಗುತ್ತಿತ್ತು.

ಔಷಧಕ್ಕೇನೂ ಕಡಿಮೆ ಇರಲಿಲ್ಲ. ಬೆಳಿಗ್ಗೆ ಬಾಳೆದಿಂಡಿನ ರಸ. ಆಮೇಲೆ ಬೂದುಗುಂಬಳದ ರಸ. ಅಕ್ಕಿ ತೊಳೆದ ನೀರಿಗೆ ಕಲ್ಲುಸಕ್ಕರೆ. ನೆನೆಸಿದ ಮೆಂತ್ಯ, ದಾಳಿಂಬೆ ಸಿಪ್ಪೆಯ ಕಷಾಯ, ಜೇಷ್ಠಮಧು ತೇಯ್ದು ಜೇನಿನಲ್ಲಿ. ಯಾರೋ ಹಸಿ ಬೆಳ್ಳುಳ್ಳಿ ನುಂಗು ಎಂದರು. ಅದನ್ನು ನುಂಗಿದ ದಿನ ಅಕ್ಕ ಹಿತ್ತಲ ಗೋಡೆ ಹಿಡಿದುಕೊಂಡು ಅತ್ತಳು. ತಣ್ಣನೆಯ ಹಾಲು ಕುಡಿದರೆ ಮಾತ್ರ ಆ ಗಳಿಗೆಗೆ ಹಿತವಾಗುತ್ತಿತ್ತು. ನನ್ನ ತವರಿನಿಂದ ಅವ್ವ ಬಂದಾಗ ಅಕ್ಕಿಯ ತೆಳು ಗಂಜಿ ಕಾಯಿಸಿ ಕೊಡುತ್ತಿದ್ದಳು. ಅದನ್ನು ಕುಡಿದ ಮೇಲೆ ಅಕ್ಕ ಒಂದಿಷ್ಟು ಹೊತ್ತು ಕಣ್ಣು ಮುಚ್ಚುತ್ತಿದ್ದಳು. ನಮ್ಮ ಹಿರಿಯರ ಮದ್ದಿನ ಮೇಲೆ ನನಗೆ ಯಾವ ಹಗೆಯೂ ಇಲ್ಲ. ಹಿತವಾದದ್ದನ್ನು ಹಿತವಾಯಿತು ಎನ್ನುತ್ತೇನೆ. ಆದರೆ ಒಂದು ಮದ್ದು ನಾಟದಿದ್ದಾಗ ಇನ್ನೊಂದನ್ನು ಹುಡುಕುತ್ತಿದ್ದರೇ ಹೊರತು, ರೋಗ ಯಾವುದು ಎಂದು ಒಬ್ಬರೂ ಕೇಳಲಿಲ್ಲ. ಕೇಳುವುದೇನು, ಹೊಟ್ಟೆಕಿಚ್ಚು ಎಂದು ಮೊದಲೇ ತೀರ್ಪಾಗಿತ್ತಲ್ಲ!

ಅದೇ ಮನೆಯಲ್ಲಿ, ಅದೇ ವರ್ಷಗಳಲ್ಲಿ, ಭಾವನವರಿಗೂ ಹೊಟ್ಟೆ ಉರಿಯುತ್ತಿತ್ತು. ಊಟ ತಡವಾದರೆ ಅವರೂ ಅಂಗಡಿಯ ಗಾದಿಯ ಮೇಲೆ ಬೋರಲು ಮಲಗುತ್ತಿದ್ದರು. ಅವರ ಉರಿಗೆ ಅತ್ತೆ ಇಟ್ಟ ಹೆಸರು ಬೇರೆ. "ಪಾಪ, ಅಂಗಡಿ ಭಾರ ಎಲ್ಲಾ ಅವನ ತಲಿ ಮ್ಯಾಲ ಐತಿ." ಅವರನ್ನು ಧಾರವಾಡದ ಡಾಕ್ಟರಿಗೆ ತೋರಿಸಿ, ಅವರ ಗುಳಿಗೆಗಳನ್ನು ದೇವರ ಗೂಡಿನ ಪಕ್ಕದಲ್ಲಿಟ್ಟು, ಮರೆಯದೆ ನೆನಪು ಮಾಡುತ್ತಿದ್ದರು. ಅವರ ಊಟದ ಹೊತ್ತು ಮೀರಬಾರದು ಎಂದು ಮನೆಯೆಲ್ಲ ಓಡಾಡುತ್ತಿತ್ತು. ಹೀಗೆ ಓಡಾಡಿ ಬಡಿಸುವವಳು ಅಕ್ಕನೇ. ಅವಳು ಉಣ್ಣುವುದು ಎಲ್ಲರದೂ ಆದ ಮೇಲೆ.

ಒಮ್ಮೆ ನಾನು ತಡೆಯಲಾರದೆ ಅಂದೆ: "ಅತ್ತಿಯವರ, ಅಕ್ಕನ್ನೂ ಧಾರವಾಡಕ್ಕ ಕರಕೊಂಡು ಹೋಗೂಣ್ರಿ. ಇಬ್ಬರದೂ ಒಂದ ಥರಾ ಉರಿ ಐತಲ್ರಿ."

"ಅವ ದುಡಿಯಾವ. ಇಕಿ ಏನ ದುಡದು ಹೊಟ್ಟಿ ಸುಟ್ಟಗೊಂಡಾಳ? ಮನಿಗೆ ಬಂದು ಇನ್ನೂ ವರ್ಷಾಗಿಲ್ಲ, ನನಗ ಹೇಳಾಕ ಬರಬ್ಯಾಡ" ಎಂದರು ಅತ್ತೆ. ನನ್ನ ಗಂಡ ಕೇಳಿಯೂ ಕೇಳದವರ ಹಾಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು.

ವರ್ಷಗಳು ಹೀಗೇ ಕಳೆದವು. ಕೊನೆಗೆ ಸವದತ್ತಿ ಕಡೆಯ ಒಂದು ಹಳ್ಳಿಯಲ್ಲಿ ಬೇರಿನ ಪುಡಿ ಕೊಡುವವನೊಬ್ಬನಿದ್ದಾನೆ ಎಂದು ಯಾರೋ ಹೇಳಿದರು. ಅತ್ತೆ, ಅಕ್ಕ, ನಾನು ಮೂವರೂ ಬಸ್ಸಿನಲ್ಲಿ ಹೋದೆವು. ಆತ ಅಕ್ಕನ ನಾಡಿ ಹಿಡಿಯಲಿಲ್ಲ, ನಾಲಿಗೆ ನೋಡಲಿಲ್ಲ, ಎಲ್ಲಿ ನೋವು ಎಂದೂ ಕೇಳಲಿಲ್ಲ. ಅತ್ತೆ ಹೇಳಿದ್ದನ್ನೆಲ್ಲ ತಲೆದೂಗುತ್ತ ಕೇಳಿಸಿಕೊಂಡು, ಅದನ್ನೇ ತಿರುಗಿಸಿ ಹೇಳಿದ.

"ಈ ಹೆಣ್ಣುಮಗಳ ಮನಸಿನ್ಯಾಗ ಉರಿ ಐತ್ರಿ ಯವ್ವಾ. ಅದು ಕೆಳಗಿಳದು ಹೊಟ್ಟಿಗಿ ಬಂದೈತಿ. ಖಾರ ಬಿಡಸ್ರಿ. ಮಾತು ಕಡಿಮಿ ಮಾಡಸ್ರಿ. ಸೋಮವಾರ ಹನಿ ನೀರು ಬಿಟ್ಟು ಏನೂ ಕೊಡಬ್ಯಾಡ್ರಿ. ಹೊಟ್ಟಿ ಖಾಲಿ ಇದ್ದಷ್ಟೂ ಪುಡಿ ಹತ್ತತೈತಿ."

ನಾನು ಬಾಯಿ ಹಾಕಿದೆ: "ಹೊಟ್ಟಿ ಖಾಲಿ ಇದ್ದಾಗನ ಅಕ್ಕಗ ಉರಿ ಜಾಸ್ತಿ ಆಕ್ಕೈತ್ರಿ."

ಆತ ನನ್ನತ್ತ ತಿರುಗಲೂ ಇಲ್ಲ. ಅತ್ತೆಯನ್ನು ಕೇಳಿದ, "ಇವರ್ಯಾರ್ರಿ?"

"ಸಣ್ಣ ಸೊಸಿ."

"ಹಾಂ..." ಎಂದು ನಕ್ಕ. ಆ ನಗುವಿನಲ್ಲಿ ಅವನಿಗೆ ಎಲ್ಲ ಅರ್ಥವಾಗಿಬಿಟ್ಟಿತ್ತು. ಒಂದು ಹೆಣ್ಣಿನ ಹೊಟ್ಟೆಯೊಳಗೆ ಏನಿದೆ ಎಂದು ಅರಿಯಲು ಆಕೆಯನ್ನು ಮುಟ್ಟಬೇಕಿಲ್ಲ, ಆಕೆಯ ಅತ್ತೆಯನ್ನು ಕೇಳಿದರೆ ಸಾಕು!

ಅವತ್ತಿನಿಂದ ಅಕ್ಕನ ತಾಟಿನಿಂದ ಕೆಂಪು ಚಟ್ನಿ ಹೋಯಿತು, ಪಲ್ಲೆ ಹೋಯಿತು. ಮಜ್ಜಿಗೆ ಅನ್ನವೊಂದು ಉಳಿಯಿತು. ಅವಳು ಏನಾದರೂ ಅನ್ನಲು ಬಾಯಿ ತೆರೆದರೆ, "ಮಾತು ಕಡಿಮಿ ಮಾಡು ಅಂದಾನಲ್ಲ" ಎಂದು ಅತ್ತೆ ಕೈ ಎತ್ತುತ್ತಿದ್ದರು. ಮದ್ದಿನ ನೆಪದಲ್ಲಿ ಬೇಕಾಗಿದ್ದುದು ಅವಳ ಬಾಯಿ ಮುಚ್ಚಿಸುವುದು, ಅಷ್ಟೆ. ಸೋಮವಾರಗಳಂದು ಉಪವಾಸ ಇದ್ದೇ ಎಲ್ಲರಿಗೂ ಬೇಯಿಸುತ್ತಿದ್ದಳು. ಬರಬರುತ್ತ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಉಗುರು ಬೆಳ್ಳಗಾದವು.

"ಸಂಡಾಸು ಕರ್ರಗ ಹೋಗಾಕತ್ತೈತಿ, ಡಾಂಬರ ಇದ್ದಂಗ" ಎಂದು ಒಮ್ಮೆ ನನ್ನೊಬ್ಬಳಿಗೇ ಹೇಳಿದಳು. ನಾನು ಅದನ್ನು ಭಾವನವರಿಗೇ ಹೇಳಿದೆ. ಅವರು ತಮ್ಮ ತಾಯಿಯನ್ನು ಕೇಳಿದರು. ಪುಡಿಯ ಬಣ್ಣ ಎಂದು ಅತ್ತೆ ಹೇಳಿದರು. ಅಲ್ಲಿಗೆ ಮುಗಿಯಿತು.

ಆ ಮಳೆಗಾಲದಲ್ಲಿ ಮಲಪ್ರಭೆ ತುಂಬಿ ನವಿಲುತೀರ್ಥದ ಆಣೆಕಟ್ಟಿನ ಬಾಗಿಲು ತೆರೆದಿದ್ದರು. ರಾಮದುರ್ಗದಿಂದ ನಮ್ಮವ್ವ ಬಂದಿದ್ದಳು. ಅವಳಿಗೂ ತೋರಿಸಿದಂತಾಯಿತು ಎಂದು ಮನೆಯವರೆಲ್ಲ ಒಂದು ಟೆಂಪೋ ಮಾಡಿಕೊಂಡು ಹೊರಟೆವು. ಅಂದು ಸೋಮವಾರ. ಆಣೆಕಟ್ಟಿನ ಬಳಿಯ ತೋಟದಲ್ಲಿ ಬುತ್ತಿ ಬಿಚ್ಚಿದೆವು. ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು. ಬಡಿಸಿದವಳು ಅಕ್ಕ. ನಮ್ಮವ್ವ ಅವಳ ಕೈ ಹಿಡಿದು, "ಒಂದು ತುತ್ತು ಮೊಸರನ್ನ ಉಣ್ಣವಾ, ಮಾರಿ ಹೆಂಗ ಬಿಳಚಿಕೊಂಡೈತಿ" ಎಂದಳು.

"ಇವತ್ತ ಆಕಿಗೆ ಪಥ್ಯ ಐತ್ರಿ ಬೀಗತಿ, ತಪ್ಪಸಬ್ಯಾಡ್ರಿ" ಎಂದರು ಅತ್ತೆ.

ಅಕ್ಕ ನೀರಿನ ತಂಬಿಗೆ ತರಲೆಂದು ಎದ್ದಳು. ಎದ್ದವಳು ಮರಕ್ಕೆ ಕೈಕೊಟ್ಟು ನಿಂತಳು. ಆಮೇಲೆ ವಾಂತಿ ಮಾಡಿಕೊಂಡಳು. ಮೊದಲು ಬಂದದ್ದು ಚಹಾದ ಚರಟದಂಥ ಕರಿಯದು. ಅದರ ಹಿಂದೆಯೇ ಕೆಂಪು ರಕ್ತ. ಹುಲ್ಲಿನ ಮೇಲೆ ಕುಸಿದಳು.

"ಪಿತ್ತ ಕೆರಳೈತಿ. ಲಿಂಬಿಹಣ್ಣು ಹಿಂಡಿ ಕುಡಸ್ರಿ" ಎಂದು ಅತ್ತೆ ಬುಟ್ಟಿಯಲ್ಲಿ ಕೈಯಾಡಿಸಿದರು.

ನಮ್ಮವ್ವ ಬೀಗರ ಮನೆಯಲ್ಲಿ ದನಿ ಎತ್ತಿದವಳಲ್ಲ. ಅವತ್ತು ಎತ್ತಿದಳು. ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ರಕ್ತ ಕಾರಾಕತ್ತಾಳ, ಲಿಂಬಿಹಣ್ಣು ಹುಡಕ್ತೀರಿ? ನಿಮಗ ಕಣ್ಣಿಲ್ಲೇನ್ರಿ? ಗಾಡಿ ತೆಗಸ್ರಿ ಮೊದಲ!" ಎಂದು ಕೂಗಿದಳು. ನನ್ನ ಗಂಡ ಓಡಿಹೋಗಿ ಡ್ರೈವರನನ್ನು ಕರೆತಂದರು. ಸವದತ್ತಿಯ ದವಾಖಾನೆಯಲ್ಲಿ ಸಲಾಯಿನ್ ಹಚ್ಚಿ, ಇಲ್ಲಿ ನಿಲ್ಲಬೇಡಿ, ಮುಂದೆ ನಡೆಯಿರಿ ಎಂದರು. ಧಾರವಾಡ ಮುಟ್ಟುವವರೆಗೆ ಭಾವನವರು ಅಕ್ಕನ ಪಾದಗಳನ್ನು ಹಿಡಿದುಕೊಂಡೇ ಕೂತಿದ್ದರು.

ಧಾರವಾಡದ ದವಾಖಾನೆಯಲ್ಲಿ ರಕ್ತ ಏರಿಸಿದರು. ಬಾಯಿಯಿಂದ ನಳಿಗೆ ಇಳಿಸಿ ಹೊಟ್ಟೆಯೊಳಗೆ ನೋಡಿದರು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅಕ್ಕ ಸ್ವಲ್ಪ ಚೇತರಿಸಿಕೊಂಡು ದಿಂಬಿಗೆ ಒರಗಿ ಕೂತಿದ್ದಾಗ ಡಾಕ್ಟರು ಬಂದರು. ನಾವೆಲ್ಲ ಮಂಚದ ಸುತ್ತ ನಿಂತಿದ್ದೆವು.

"ಹೊಟ್ಟಿಯೊಳಗ ಹುಣ್ಣಾಗೇದ. ಅದನ್ನ ಮಾಡಿದ್ದು ಒಂದು ಕ್ರಿಮಿ, ಕಣ್ಣಿಗೆ ಕಾಣಂಗಿಲ್ಲ. ಗುಳಿಗಿ ಅದಾವ, ತಪ್ಪದ ತಗೊಂಡ್ರ ಆರಾಮ ಆಗ್ತಾರ" ಎಂದರು.

ಅತ್ತೆ ಮೆಲ್ಲಗೆ ಕೇಳಿದರು: "ಖಾರ ತಿಂದಿದ್ದಕ್ಕ ಅಲ್ಲೇನ್ರಿ?"

"ಖಾರಾ ಉರಿ ಹೆಚ್ಚು ಮಾಡಬಹುದು. ಕ್ರಿಮಿ ಹುಟ್ಟಸಂಗಿಲ್ಲ."

"ಮತ್ತ ಸಿಟ್ಟು? ಬಾಳ ಸಿಟ್ಟಿನಾಕಿ ಇಕಿ."

"ಸಿಟ್ಟಿನಿಂದ ಈ ಕ್ರಿಮಿ ಬರಂಗಿದ್ರ ನನಗ ದಿನಾ ಬರಬೇಕಾಗಿತ್ತು ಯವ್ವಾ" ಎಂದರು ಡಾಕ್ಟರು. "ಸಣ್ಣವರಿದ್ದಾಗ ನೀರಿನಿಂದನೋ, ಒಬ್ಬರಿಂದ ಒಬ್ಬರಿಗೋ ಬಂದಿರತದ. ಭಾಳ ಮಂದಿ ಹೊಟ್ಟಿಯೊಳಗ ಇರತದ. ಕೆಲವರಿಗೆ ಹಿಂಗ ಹುಣ್ಣು ಮಾಡತದ."

ಅಕ್ಕ ಈಗ ಬಾಯಿ ಬಿಟ್ಟಳು. ಗಂಟಲು ಕೆರೆದುಹೋಗಿ ದನಿ ಒಡೆದಿತ್ತು.

"ಡಾಕ್ಟರ, ಇನ್ನೊಮ್ಮೆ ಹೇಳ್ರಿ. ಎಲ್ಲಾರಿಗೂ ಕೇಳೂ ಹಂಗ ಹೇಳ್ರಿ. ಇದು ನನ್ನ ಸ್ವಭಾವದಿಂದ ಬಂದದ್ದಲ್ಲ, ಹೌದಲ್ರಿ?"

ಡಾಕ್ಟರು ನಮ್ಮೆಲ್ಲರ ಕಡೆ ತಿರುಗಿ, "ಅಲ್ಲ. ಇದರಾಗ ಇವರ ತಪ್ಪು ಏನೂ ಇಲ್ಲ" ಎಂದರು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಹೊದಿಕೆಯೊಳಗೆ ಅವಳ ಬೆನ್ನು ಅಲುಗುತ್ತಿತ್ತು. ನಾನು ಅತ್ತೆಯ ಮುಖ ನೋಡಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು.

ಮನೆಯಲ್ಲಿ ಇನ್ನೊಬ್ಬರಿಗೂ ಹೀಗೇ ಉರಿಯುತ್ತದೆ ಎಂದು ನಾನೇ ಡಾಕ್ಟರಿಗೆ ಹೇಳಿದೆ. ಭಾವನವರಿಗೂ ನಳಿಗೆ ಇಳಿಸಿದರು. ಅದೇ ಕ್ರಿಮಿ. ಹುಣ್ಣು ಮಾತ್ರ ಇನ್ನೂ ಆಗಿರಲಿಲ್ಲ. ಹೊತ್ತಿಗೆ ಸರಿಯಾಗಿ ಉಂಡು, ಉರಿ ತಣಿಸುವ ಗುಳಿಗೆ ನುಂಗುತ್ತಿದ್ದುದು ಅವರನ್ನು ಅಷ್ಟಾದರೂ ಕಾಪಾಡಿತ್ತು. ಭಾವನವರಿಗೆ ಯಾರ ಮೇಲೆ ಹೊಟ್ಟೆಕಿಚ್ಚು ಎಂದು ಬೈಲಹೊಂಗಲದಲ್ಲಿ ಯಾರೂ ಕೇಳಲಿಲ್ಲ.

ಮನೆಗೆ ಹೊರಡುವಾಗ ನಮ್ಮವ್ವ ಡಾಕ್ಟರನ್ನು ಕೇಳಿದಳು, ಗಂಜಿ, ಮಜ್ಜಿಗೆ, ಬಾಳೆದಿಂಡು ಕೊಡಬಹುದೇ ಎಂದು. "ಕೊಡ್ರಿ, ಬ್ಯಾಡ ಅನ್ನಂಗಿಲ್ಲ. ಹೊಟ್ಟಿಗೆ ಹಿತ ಆಗತದ. ಆದ್ರ ಕ್ರಿಮಿ ಸಾಯೂದು ಗುಳಿಗಿಯಿಂದನ. ಒಂದು ಹೊತ್ತೂ ಬಿಡಬ್ಯಾಡ್ರಿ, ನಡುವ ನಿಲ್ಲಸಬ್ಯಾಡ್ರಿ" ಎಂದರು.

ಆ ಗುಳಿಗೆಗಳು ಬಾಯಿಯೆಲ್ಲ ಕಹಿ ಮಾಡುತ್ತಿದ್ದವು. ಅಕ್ಕನಿಗೆ ಊಟ ಸೇರದಾಯಿತು. "ಉಷ್ಣದ ಗುಳಿಗಿ, ಸಾಕು ಬಿಡು. ಪುಡಿ ಇನ್ನೂ ಉಳದೈತಿ" ಎಂದರು ಅತ್ತೆ. ಅಷ್ಟೆಲ್ಲ ಆದ ಮೇಲೂ! ನಾನು ಪುಡಿಯ ಪೊಟ್ಟಣ ಎತ್ತಿಕೊಂಡು ಹೋಗಿ ಬಚ್ಚಲಿನ ಒಲೆಗೆ ಹಾಕಿದೆ. ಅತ್ತೆ ಬೈದರು, ನನ್ನ ಗಂಡ ಬೈದರು. ಅಕ್ಕ ಅವರೆದುರಿಗೇ ನಿಂತು ಗುಳಿಗೆ ನುಂಗಿ ನೀರು ಕುಡಿದಳು. ಭಾವನವರು ಎದ್ದು ಬಂದು ತಮ್ಮ ಗುಳಿಗೆಯನ್ನೂ ಅವಳ ಪಕ್ಕದಲ್ಲೇ ನಿಂತು ನುಂಗಿದರು. ಹೆಂಡತಿಯ ಕಡೆಗೆ ಅವರು ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಕ್ಕ ಗುಣವಾದಳು. ಮೈತುಂಬಿಕೊಂಡಳು. ಅತ್ತೆ ಮಾತ್ರ ಬಂದವರಿಗೆಲ್ಲ ಹೇಳುತ್ತಿದ್ದುದು, "ಪುಡಿ ಹತ್ತಿತ್ತು, ಆಮ್ಯಾಲೆ ಗುಳಿಗಿ ನೆಪಕ್ಕ ಕೊಟ್ರು." ಪುಡಿ ಕೊಟ್ಟವನ ಹಳ್ಳಿಗೆ ತೆಂಗಿನಕಾಯಿ, ಟವೆಲ್ಲು ಕಳಿಸಿದರು. ರಕ್ತ ಕಾರಿದವಳು ಬದುಕಿ ಬಂದದ್ದರ ಕೀರ್ತಿ ಅವನಿಗೆ ಹೋಯಿತು. ಅತ್ತೆ ತೀರಿಹೋಗುವ ತನಕ, ಅಕ್ಕನಿಗೆ ಇಟ್ಟ ಹೆಸರಿನ ಬಗ್ಗೆ "ತಪ್ಪಾತು" ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಸತ್ತವರ ಬಗ್ಗೆ ಹೀಗೆ ಬರೆಯಬಾರದು ಎನ್ನುತ್ತಾರೆ. ಬದುಕಿದ್ದಾಗ ಹೇಳಲು ಬಿಟ್ಟಿದ್ದರೆ ಈಗ ಬರೆಯುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಸಂಗೊಳ್ಳಿಯ ಸಂಬಂಧಿಕರ ಮನೆಗೆ ತೊಟ್ಟಿಲು ಕಾರ್ಯಕ್ಕೆ ನಾನೂ ಅಕ್ಕನೂ ಹೋಗಿದ್ದೆವು. ಆ ಮನೆಯ ಹೊಸ ಸೊಸೆ ಅಡಿಗೆಮನೆಯ ಮೂಲೆಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಅವಳ ಅತ್ತೆ ನಗುತ್ತ ಹೇಳಿದಳು: "ದಿನಾ ಕ್ಯಾಬೀಜ ರಸಾ ಕೊಡಾಕತ್ತೇವ್ರಿ, ಟಿವಿಯಾಗ ಹೇಳಿದ್ರು. ತವರಮನಿ ಹಂಬಲ ಇಕಿಗೆ, ಅದಕ್ಕ ಹೊಟ್ಟಿ ಸಂಕಟ."

ಅಕ್ಕ ಆ ಹುಡುಗಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಹಸದಾಗ ಉರೀತೈತೇನವಾ? ಸಂಡಾಸು ಕರ್ರಗ ಹೋಗತೈತೇನು?" ಎಂದು ಕೇಳಿದಳು. ಹುಡುಗಿ ನಾಚಿ ತಲೆ ತಗ್ಗಿಸಿ, ಹೌದೆಂದು ತಲೆಯಾಡಿಸಿದಳು. ಅಕ್ಕ ಎದ್ದಳು. "ನಾಳೆ ಮುಂಜಾನಿ ಇಕಿನ್ನ ಧಾರವಾಡಕ್ಕ ಕರಕೊಂಡು ಹೋಗತೇನಿ. ಯಾರೂ ಬರೂದು ಬ್ಯಾಡ" ಎಂದಳು.

"ನೀವು ಹೇಳಿದಂಗ ನಮ್ಮ ಮನಿ ನಡಿಯಂಗಿಲ್ರಿ" ಎಂದಳು ಹುಡುಗಿಯ ಅತ್ತೆ.

"ಮನಿ ನಿಮ್ಮದ ಇರಲಿ. ಹೊಟ್ಟಿ ಆಕಿದು."

ಮರುದಿನ ಬೈಲಹೊಂಗಲದಿಂದ ಧಾರವಾಡದ ಬಸ್ಸಿಗೆ ಮೂವರೂ ಹತ್ತಿದೆವು. ಹುಡುಗಿಗೂ ಹುಣ್ಣೇ ಆಗಿತ್ತು, ಆದರೆ ಹೊತ್ತಿಗೆ ಸಿಕ್ಕಿತು. ಈಗ ಆರಾಮವಾಗಿದ್ದಾಳೆ. ಅವಳ ಅತ್ತೆ ಮಾತ್ರ ಅವತ್ತಿನಿಂದ ನಮ್ಮಿಬ್ಬರನ್ನೂ ಮಾತನಾಡಿಸುವುದಿಲ್ಲ. ಮದುವೆ ಮನೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾಳೆ.

ತಿರುಗಿಸಲಿ.