ತಲೆನೋವೇ ಇಲ್ಲದ ಮನೆತನ

ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅವಳದು ಬಟ್ಟೆ ಕತ್ತರಿಸುವ ಕೆಲಸ. ಪದರ ಪದರವಾಗಿ ಹಾಸಿದ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಹಿಡಿದು ಯಂತ್ರ ಓಡಿಸಿದರೆ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಅಂಥ ಕಣ್ಣಿನವಳಿಗೆ ಗಂಡನ ಮನೆಯವರ ಸುಳ್ಳು ಹಿಡಿಯಲು ಹದಿನೈದು ವರ್ಷ ಬೇಕಾಯಿತು.

ಆ ಮನೆಯವರಿಗೆ ತಮ್ಮ ತಲೆಗಳ ಬಗ್ಗೆ ಎಲ್ಲಿಲ್ಲದ ಹೆಮ್ಮೆ. "ನಮ್ಮ ವಂಶದಲ್ಲಿ ತಲೆನೋವು ಅಂತ ಮಲಗಿದೋರು ಒಬ್ಬರೂ ಇಲ್ಲ," ಎಂದು ಅತ್ತೆ ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದರು. ನೋಯುವುದಕ್ಕೆ ಆ ತಲೆಗಳೊಳಗೆ ಏನಾದರೂ ಇರಬೇಕಲ್ಲ ಎಂದು ಸೊಸೆ ಮನಸ್ಸಿನಲ್ಲೇ ಅಂದುಕೊಳ್ಳುವಳು.

ಮಗಳಿಗೆ ಹದಿಮೂರು ತುಂಬುವಷ್ಟರಲ್ಲಿ ಬಲಗಡೆಯ ಅರ್ಧ ತಲೆ ಸಿಡಿಯತೊಡಗಿತು. ಮೊದಲು ಕಣ್ಣ ಮುಂದೆ ಗರಗಸದ ಹಲ್ಲಿನಂಥ ಬೆಳಕು, ಆಮೇಲೆ ನೋವು, ಕೊನೆಗೆ ವಾಂತಿ. ಹುಡುಗಿ ಕಿಟಕಿಗೆ ಹೊದಿಕೆ ಕಟ್ಟಿ ಮಲಗುವಳು. ವಾರಕ್ಕೊಂದು ದಿನ ಶಾಲೆ ತಪ್ಪತೊಡಗಿತು.

"ನಿನ್ನ ಕಡೆಯಿಂದ ಬಂದಿದ್ದು ಇದು," ಎಂದರು ಅತ್ತೆ.

"ನನ್ನ ಕಡೆ ಯಾರಿಗಿದೆ ಅತ್ತೆ?"

"ಯಾರಿಗೋ ಇರುತ್ತೆ. ಮುಚ್ಚಿಟ್ಟು ಮದುವೆ ಮಾಡಿದಾರೆ."

ಗಂಡ ಪೇಪರಿನಿಂದ ಮುಖ ಎತ್ತದೆ, "ಪರೀಕ್ಷೆ ಹತ್ರ ಬಂತಲ್ಲ, ನಾಟಕ," ಎಂದ.

ಅವಳು ಮಗಳನ್ನು ಆಸ್ಪತ್ರೆಗೆ ಹೊರಡಿಸಿದಳು. ತಪ್ಪು ಯಾರದೆಂದು ಡಾಕ್ಟರ ಬಾಯಿಂದಲೇ ಕೇಳಿಸಬೇಕೆಂದು ಅತ್ತೆಯೂ ಮಗನನ್ನು ಎಳೆದುಕೊಂಡು ಬಂದರು.

ಡಾಕ್ಟರಮ್ಮ ಹುಡುಗಿಯನ್ನು ನೋಡಿ, "ಮನೇಲಿ ಇನ್ಯಾರಿಗೆ ಹೀಗಾಗುತ್ತೆ?" ಎಂದು ಕೇಳಿದರು.

"ಯಾರಿಗೂ ಇಲ್ಲ," ಅತ್ತೆ, ಗಂಡ ಒಟ್ಟಿಗೇ ಹೇಳಿದರು.

"ತಲೆನೋವು ಅಂತ ಕರೀದೆ ಇರಬಹುದು. ಆಗಾಗ ಕತ್ತಲಲ್ಲಿ ಮಲಗೋರು, ವಾಂತಿ ಮಾಡ್ಕೊಳ್ಳೋರು?"

ಸೊಸೆಗೆ ಥಟ್ಟನೆ ಹೊಳೆಯಿತು. "ಇದಾರೆ ಡಾಕ್ಟ್ರೇ. ನಮ್ಮತ್ತೆಗೆ ಪಿತ್ತ ಅಂತೆ. ತಲೆಗೆ ಬಟ್ಟೆ ಬಿಗಿದು ಮೂಲೆ ಕೋಣೆ ಸೇರ್ತಾರೆ, ಪಾತ್ರೆ ಸದ್ದಾದ್ರೆ ಕಿರುಚಾಡ್ತಾರೆ. ನಾದಿನಿಗೆ ಗ್ಯಾಸು. ಇವ್ರಿಗೆ ಸೈನಸ್ಸು, ಮೂಗು ಮಾತ್ರ ಒಂದಿನಾನೂ ಸೋರಿಲ್ಲ."

"ಅದು ಬೇರೆ," ಎಂದು ಗಂಡ ಗೊಣಗಿದ.

"ಎಲ್ಲಿ ನೋಯುತ್ತೆ ನಿಮಗೆ?"

"ಬಲಗಡೆ... ಕಣ್ಣಿನ ಹಿಂದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇದು ಮೈಗ್ರೇನು. ವಂಶದಲ್ಲಿ ಹರಿದು ಬರುತ್ತೆ. ಎಲ್ಲ ಮಕ್ಕಳಿಗೂ ಬರಲೇಬೇಕು ಅಂತಿಲ್ಲ, ಆದ್ರೆ ಅಪ್ಪನಿಗೋ ಅಮ್ಮನಿಗೋ ಇದ್ರೆ ಸಾಧ್ಯತೆ ಜಾಸ್ತಿ. ಇದರಲ್ಲಿ ಯಾರ ತಪ್ಪೂ ಇಲ್ಲ."

ಯಾರ ತಪ್ಪೂ ಇಲ್ಲ ಎಂಬ ಮಾತು ಅತ್ತೆಗೆ ಬಹಳ ಹಿಡಿಸಿತು. ಬರುವಾಗ ಅವರಿಗೆ ಅದು ತಿಳಿದಿರಲಿಲ್ಲ, ಪಾಪ.

ಬಸ್ ನಿಲ್ದಾಣದಲ್ಲಿ ಮಗಳು ಕೇಳಿದಳು, "ಅಪ್ಪಾ, ನಿಮಗೂ ಆ ಬೆಳಕು ಕಾಣಿಸುತ್ತಾ?"

"ಚಿಕ್ಕಂದಿನಿಂದ."

"ಮತ್ತೆ ನನಗೆ ನಾಟಕ ಅಂದ್ರಿ?"

"ನಮ್ಮಪ್ಪನೂ ನನಗೆ ಹಾಗೇ ಅಂತಿದ್ರು," ಎಂದು ಅವನು ರಸ್ತೆ ನೋಡತೊಡಗಿದ.

ಹೆಂಡತಿಗೆ ಅಯ್ಯೋ ಅನಿಸಬೇಕಿತ್ತು, ಅನಿಸಲಿಲ್ಲ. ಆ ನೋವು ಎಂಥದೆಂದು ಬಲ್ಲವನೇ ತನ್ನದನ್ನು ಮುಚ್ಚಿಟ್ಟು, ಹುಡುಗಿಯನ್ನು ಸುಳ್ಳಿ ಮಾಡಿದ್ದ. ಬಸ್ ಬಂದಾಗ ಅವಳು ಅವನನ್ನು ಬಿಟ್ಟು ಮಗಳ ಪಕ್ಕ ಹೋಗಿ ಕೂತಳು.

ಡಾಕ್ಟರಮ್ಮ ಹೇಳಿದಂತೆ ಹುಡುಗಿ ಹೊತ್ತಿಗೆ ಸರಿಯಾಗಿ ಉಂಡು, ಮಲಗಿ, ನೋವು ಶುರುವಾಗುತ್ತಲೇ ಮಾತ್ರೆ ನುಂಗುವುದನ್ನು ರೂಢಿ ಮಾಡಿಕೊಂಡಳು. ನೋವು ಹೋಗಿಬಿಡಲಿಲ್ಲ, ತಿಂಗಳಿಗೊಂದಕ್ಕೆ ಇಳಿಯಿತು. ಪರೀಕ್ಷೆಯ ಎರಡನೇ ದಿನ ಅದು ಬಂದೇ ಬಂತು. ಮೇಷ್ಟರನ್ನು ಕೇಳಿ ಮಾತ್ರೆ ನುಂಗಿ, ಅರ್ಧ ಗಂಟೆ ಬೆಂಚಿನ ಮೇಲೆ ತಲೆಯಿಟ್ಟಿದ್ದು, ಎದ್ದು ಮಿಕ್ಕ ಉತ್ತರ ಬರೆದಳು.